ರಾಣಿ ಪಾರ್ಟಿನ ಬಾಡಿ

ಗೆಳತಿಯರೇ, ಬಸುರಿ ತಂಗಿಗೆ ಒಳಗೆ ತೊಡುವ ಬಾಡಿಗಳೆಲ್ಲ ಬಿಗಿಯಾಗಿ, ಪಟ್ಟಿಗಳು ಹೆಗಲನ್ನು ಕೊಯ್ಯುತ್ತಿವೆ. ಇಂದು ಅವಳನ್ನು ಸಂತೇಪೇಟೆಯ ಅಂಗಡಿಯೊಂದಕ್ಕೆ ಕರೆದೊಯ್ದೆ.

ಅಂಗಡಿಯವರು ಸೂರು ನೋಡುತ್ತ, “ಇಷ್ಟು ದೊಡ್ಡ ಅಳತೆನ ಮರ್ಯಾದಸ್ಥರು ಕೇಳಲ್ಲ ಅಮ್ಮಾವ್ರೆ” ಅಂದರು.

“ಮರ್ಯಾದಸ್ಥರು ಬಸುರಿ ಆಗಲ್ವೇನ್ರೀ?” ಅಂದೆ.

ಅವರು ಬಹಳ ಹೊತ್ತು ತಡಕಿ ಒಂದನ್ನು ಹೊರಗೆ ತೆಗೆದರು. “ಇದೊಂದೈತೆ ನೋಡಿ. ನಾಟಕದ ಕಂಪನೀಲಿ ರಾಣಿ ಪಾರ್ಟು ಮಾಡೋ ರಾಯರು ಹತ್ತಿ ತುಂಬ್ಕೊಳ್ಳೋಕೆ ಹೊಲಿಸಿದ್ರು. ತಗೊಂಡೋಗೋಕೆ ಬರ್ಲೇ ಇಲ್ಲ. ಭಾಳ ದೊಡ್ಡ ಮನುಷ್ಯರು ಕಣಮ್ಮ!”

ಮನೆಗೆ ಬಂದು ಅದನ್ನೇ ತೊಟ್ಟ ತಂಗಿ, ಎಷ್ಟೋ ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು.

ನಮ್ಮೂರಿನಲ್ಲಿ ಗಂಡಸಿನ ಹತ್ತಿಯ ಎದೆಗೆ ಮರ್ಯಾದೆಯುಂಟು. ಬಸುರಿಯ ಎದೆ ಎದುರಿಗೆ ಬಂದರೆ ಮಾತ್ರ ಸೂರು ನೋಡಬೇಕು.