ಅಕ್ಕನಿಗೆ ಮಾಡಿಕೊಟ್ಟ ಶಾರ್ಟ್‌ಕಟ್ಟುಗಳು

ರಾಮನಗರದಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಆಫೀಸಿನಲ್ಲಿ ಯಾರ ಕಂಪ್ಯೂಟರು ನಿಧಾನವಾದರೂ ನನ್ನನ್ನೇ ಕರೆಯುತ್ತಾರೆ. ಟೈಪಿಸ್ಟಾಗಿ ಸೇರಿದವಳು ನಾನು. ಮಿಕ್ಕಿದ್ದನ್ನು ನೋಡಿ ನೋಡಿ ಕಲಿತೆ. ಕಂಪ್ಯೂಟರು ಶುರುವಾದ ಕೂಡಲೇ ತಾವಾಗಿಯೇ ತೆರೆದುಕೊಂಡು ಕೂರುವ ಬೇಡದ ಪ್ರೋಗ್ರಾಮುಗಳನ್ನು ತೆಗೆದುಹಾಕುತ್ತೇನೆ. ಪರದೆಯ ಮೇಲೆ ಎಲ್ಲವೂ ತೇಲಿ ಬಂದು ತೇಲಿ ಹೋಗುವ ಅಲಂಕಾರವನ್ನು ನಿಲ್ಲಿಸುತ್ತೇನೆ. ಮೌಸ್ ಮುಟ್ಟದೆ ಕೀಬೋರ್ಡಿನಲ್ಲೇ ಕೆಲಸ ಮುಗಿಸುವ ಶಾರ್ಟ್‌ಕಟ್ಟುಗಳನ್ನು ಹೇಳಿಕೊಡುತ್ತೇನೆ. ಒಬ್ಬರಿಗೆ ಐದು ನಿಮಿಷ ಉಳಿಸಿಕೊಟ್ಟೆ ಅನ್ನುವುದರಲ್ಲಿ ನನಗೊಂದು ಸಂತೋಷವಿತ್ತು. ಆ ಸಂತೋಷವನ್ನೇ ಹೊತ್ತುಕೊಂಡು ಅಕ್ಕನ ಮನೆಗೂ ಹೋದೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ಮನೆ ಹೊಂಗನೂರಿನಲ್ಲಿ. ಭಾವ ರೇಷ್ಮೆ ಬೆಳೆಯುತ್ತಾರೆ. ಅಕ್ಕ ಚನ್ನಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರಾಗಿದ್ದಳು. ಮಾತೆಂದರೆ ಅಕ್ಕನದು. ಬಸ್ಸಿನಲ್ಲಿ ಪಕ್ಕ ಕೂತವರ ಸೊಸೆಯ ತವರು ಯಾವುದೆಂದು ಇಳಿಯುವಷ್ಟರಲ್ಲಿ ಅವಳಿಗೆ ತಿಳಿದಿರುತ್ತಿತ್ತು. ಸಂಜೆ ನನಗೆ ಫೋನು ಮಾಡಿದರೆ ಒಲೆಯ ಮೇಲಿನ ಸಾರು ಕುದಿದು ಇಳಿಸುವ ತನಕ ಬಿಡುತ್ತಿರಲಿಲ್ಲ.

ಹಾಗಿದ್ದವಳಿಗೆ ಒಂದು ಭಾನುವಾರ ಬೆಳಿಗ್ಗೆ, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಾಗ, ಬಲಗೈ ಸೋತು ಕುಕ್ಕೆ ಜಾರಿತು. ಲಕ್ವ ಎಂದರು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಲು ಸುಮಾರಾಗಿ ಸರಿಹೋಗಿತ್ತು. ಬಲಗೈ ಮಾತ್ರ ಏಳಲಿಲ್ಲ, ನಾಲಿಗೆ ಹೊರಳಲಿಲ್ಲ. ಹೇಳಬೇಕಾದದ್ದೆಲ್ಲ ಅವಳ ತಲೆಯಲ್ಲಿ ಸರಿಯಾಗಿಯೇ ಇತ್ತು, ಬಾಯಿಗೆ ಬರುವಾಗ ಬರೀ ಸದ್ದಾಗುತ್ತಿತ್ತು. "ಏನಕ್ಕ?" ಎಂದು ಎರಡು ಸಲ ಕೇಳಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಮೊಬೈಲಿನಲ್ಲಿ ಬರೆಯೋಣವೆಂದರೆ ಆ ಸಣ್ಣ ಅಕ್ಷರಗಳು ಎಡಗೈ ಬೆರಳಿಗೆ ಸಿಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಅವಳ ಮಂಚದ ಪಕ್ಕ ಇಟ್ಟೆ. ಕೀಬೋರ್ಡಿನ ಅಕ್ಷರಗಳಾದರೆ ದೊಡ್ಡವು. ಅಕ್ಕನಿಗೆ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡಿ ಅಭ್ಯಾಸವಿತ್ತು. ಮೊದಲ ದಿನ ಎಡಗೈಯ ಒಂದೇ ಬೆರಳಿನಲ್ಲಿ ತಡಕಾಡಿ ಒಂದು ಸಾಲು ಬರೆದು ಭಾವನನ್ನು ಕರೆದಳು. "ಬೆಲೆ ಹೆಗಿದೆ" ಎಂದಿತ್ತು.

ಭಾವ ಓದಿ, "ಗೂಡಿನ ರೇಟು ಒಸಿ ಇಳಿದೈತೆ ಕಣೆ, ಹೋದ ವಾರದಷ್ಟಿಲ್ಲ" ಎಂದರು.

ಅಕ್ಕ ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಅವಳು ಕೇಳಿದ್ದು ಬೆಲೆಯಲ್ಲ, ಬೆಳೆ. ಕನ್ನಡ ಟೈಪು ಮಾಡುವಾಗ ಳಕಾರಕ್ಕೂ ದೀರ್ಘಕ್ಕೂ ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅಕ್ಷರ ಒತ್ತಬೇಕು. ಅವಳಿಗೆ ಇದ್ದದ್ದು ಒಂದೇ ಕೈ. ಲಕಾರ ಳಕಾರ ತಪ್ಪಿದ ಮಕ್ಕಳಿಗೆ ಹತ್ತು ಸಲ ಬರೆಸುತ್ತಿದ್ದವಳು ತಾನೇ ತಪ್ಪು ಬರೆದದ್ದು ನೋಡಿ ನಗತೊಡಗಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅದಕ್ಕೆ ಉಪಾಯವಿತ್ತು. ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೂ ಮುಂದಿನ ಅಕ್ಷರದವರೆಗೆ ಅದು ಒತ್ತಿದಂತೆಯೇ ಇರುವ ಹಾಗೆ ಸೆಟ್ಟಿಂಗ್ ಬದಲಾಯಿಸಿದೆ. ಅಕ್ಕನ ಸಾಲುಗಳು ನೆಟ್ಟಗಾದವು. ಕಂಪ್ಯೂಟರನ್ನು ಅವಳ ಮೊಬೈಲಿಗೂ ಜೋಡಿಸಿಕೊಟ್ಟ ಮೇಲೆ ದಿನಕ್ಕೊಂದೋ ಎರಡೋ ಮೆಸೇಜು ನನಗೆ ಬರತೊಡಗಿತು. ಹಿತ್ತಲ ನುಗ್ಗೆ ಹೂ ಬಿಟ್ಟಿದೆ ಎಂದು ಒಂದು ದಿನ. ಭಾವ ಹಾಕಿದ ಜಡೆ ಮಧ್ಯಾಹ್ನಕ್ಕೇ ಬಿಚ್ಚಿಹೋಯಿತು ಎಂದು ಇನ್ನೊಂದು ದಿನ. ನಿನ್ನೆ ಸುಮ್ಮನೆ ಅಳು ಬಂತು, ಯಾಕೋ ತಿಳಿಯದು ಎಂದು ಮತ್ತೊಮ್ಮೆ. ಒಂದೊಂದನ್ನೂ ಬರೆಯಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ. ಬರೆದು ಮುಗಿಸಿದ ಮೇಲೆ ಬೆರಳು ನೋಯುತ್ತದೆಂದು ಕೈ ನೀವಿಕೊಳ್ಳುತ್ತಾಳೆ ಎಂದು ಭಾವ ಹೇಳಿದರು.

ಇಷ್ಟಕ್ಕೇ ಬಿಡಬಹುದಾಗಿತ್ತು. ಆದರೆ ಆಫೀಸಿನಲ್ಲಿ ನಾನು ಪದೇಪದೇ ಬರುವ ಸಾಲುಗಳನ್ನು ಒಂದೊಂದು ಕೀಗೆ ಕೂಡಿಸಿಟ್ಟುಕೊಂಡಿದ್ದೆ. ಕೀ ಒತ್ತಿದರೆ ಇಡೀ ಸಾಲು ಬಂದು ಕೂರುತ್ತದೆ. ಅಕ್ಕನಿಗೂ ಹಾಗೇ ಮಾಡೋಣವೆನಿಸಿತು. ಒಂದು ರಜೆಯ ದಿನ ಹೋಗಿ ಅವಳ ಪಕ್ಕ ಕೂತು, ದಿನಾ ಏನೇನು ಹೇಳಬೇಕಾಗುತ್ತದೆ ಎಂದು ಕೇಳಿದೆ. ಅವಳು ಒಂದೊಂದೇ ಬರೆದು ತೋರಿಸಿದಳು. ಕೀಬೋರ್ಡಿನ ಮೇಲಿನ ಸಾಲಿನ ಮೊದಲ ಕೀ ಒತ್ತಿದರೆ "ನಾನು ಚೆನ್ನಾಗಿದ್ದೀನಿ ಕಣೆ, ಯೋಚನೆ ಮಾಡಬೇಡ." ಅದರ ಪಕ್ಕದ್ದಕ್ಕೆ "ಊಟ ಆಯ್ತು. ನಿಂದಾಯ್ತಾ?" ಮುಂದಿನದಕ್ಕೆ "ಮಾತ್ರೆ ತಗೊಂಡೆ."

ಭಾವ ಹಿಂದೆ ನಿಂತು ನೋಡುತ್ತಿದ್ದರು. "ಇದೊಳ್ಳೇದಾಯ್ತು ಬುಡವ್ವ. ಬೆರಳು ನೋಯಂಗಿಲ್ಲ" ಎಂದರು. ಅಕ್ಕನೂ ನನ್ನ ಕೈ ಹಿಡಿದು ಅದುಮಿದಳು. ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ಎದೆ ತುಂಬಿ ಬಂದಿತ್ತು.

ಅಂದಿನಿಂದ ಮೆಸೇಜುಗಳು ಜಾಸ್ತಿಯಾದವು. ಬೆಳಿಗ್ಗೆ ಆಫೀಸಿನಲ್ಲಿ ಕೂರುವ ಮೊದಲೇ ಒಂದು, ಮಧ್ಯಾಹ್ನ ಎರಡು, ಸಂಜೆ ಇನ್ನೊಂದು. ಚೆನ್ನಾಗಿದ್ದೀನಿ, ಊಟ ಆಯ್ತು, ಮಾತ್ರೆ ತಗೊಂಡೆ. ಕೆಲಸದ ನಡುವೆ ನಾನೂ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುತ್ತಿದ್ದೆ. ಅಕ್ಕ ಈಗ ಎಷ್ಟು ಬೇಗ ಉತ್ತರ ಕೊಡುತ್ತಾಳೆ ಎಂದು ಜೊತೆಯವರಿಗೆ ಹೇಳಿಕೊಂಡೆ. ನುಗ್ಗೆಯ ಸುದ್ದಿ, ಜಡೆಯ ಸುದ್ದಿ ಬರುವುದು ನಿಂತಿದ್ದು ನನ್ನ ಗಮನಕ್ಕೆ ಬರಲೇ ಇಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದವಳು ತಿಂಗಳಿಗೊಮ್ಮೆ ಹೋಗತೊಡಗಿದೆ. ದಿನಾ ಮಾತಾಡುತ್ತಲೇ ಇದ್ದೀವಲ್ಲ ಎಂಬ ಸಮಾಧಾನ.

ಮಳೆಗಾಲ ಕಳೆದು ಚಳಿ ಶುರುವಾಗಿತ್ತು. ಬೇರೇನೋ ಕೇಳಲೆಂದು ಭಾವನಿಗೆ ಫೋನು ಮಾಡಿದೆ. ಮಾತಿನ ನಡುವೆ ಅವರು, "ಏನ್ ಮಾಡೋದವ್ವ, ಜ್ವರ ಇನ್ನೂ ಬುಟ್ಟಿಲ್ಲ" ಎಂದರು.

ರೇಷ್ಮೆ ಹುಳ ಸೊಪ್ಪು ತಿನ್ನುವುದು ನಿಲ್ಲಿಸಿ, ಪೊರೆ ಬಿಡಲು ಅಲುಗಾಡದೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ ದಾಟಬೇಕು. ನಾನು, "ಎಷ್ಟನೇ ಜ್ವರ ಭಾವ?" ಎಂದೆ.

ಅವರು, "ಹುಳಕ್ಕಲ್ಲ ಕಣವ್ವ. ನಿಮ್ಮಕ್ಕಂಗೆ. ನಿಂಗೆ ಹೇಳಿಲ್ವಾ?" ಎಂದರು.

ಫೋನು ಕೈಯಲ್ಲೇ ಇತ್ತು. ಅಂದು ಬೆಳಿಗ್ಗೆಯೂ ಅಕ್ಕನ ಮೆಸೇಜು ಬಂದಿತ್ತು. ಚೆನ್ನಾಗಿದ್ದೀನಿ. ಊಟ ಆಯ್ತು.

ರಜೆ ಹೇಳಿ, ಚನ್ನಪಟ್ಟಣದವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿದೆ. ಅಕ್ಕ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ತುಟಿ ಒಡೆದಿತ್ತು. ಕಣ್ಣ ಕೆಳಗೆ ಗುಳಿ ಬಿದ್ದಿತ್ತು. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿಲ್ಲ ಎಂದು ಭಾವ ಹೇಳಿದರು.

"ಯಾಕಕ್ಕ, ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?" ಎಂದು ಕೇಳಿದೆ.

ಅವಳು ಎದ್ದು ಕಂಪ್ಯೂಟರಿನ ಮುಂದೆ ಕೂರಲು ಹೊರಟಳು. ಭಾವ, "ಬ್ಯಾಡ ಬುಡು, ಮಲಕ್ಕೊ" ಎಂದರೂ ಕೇಳಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ನಾನು ಹಿಂದೆ ನಿಂತು ಓದಿದೆ.

"ಹುಷಾರಿಲ್ಲ ಅಂದರೆ ಏನಾಯ್ತು ಅಂತ ಕೇಳ್ತೀಯ. ಅದಕ್ಕೆಲ್ಲ ನಾನು ಬರೀಬೇಕು. ಚೆನ್ನಾಗಿದ್ದೀನಿ ಅಂದರೆ ನೀನು ಏನೂ ಕೇಳಲ್ಲ."

"ಹುಷಾರಿಲ್ಲ ಅಂತಾನೂ ಒಂದು ಬಟನ್ ಮಾಡ್ಕೊಡ್ಲಾ ಅಕ್ಕ?" ಎಂದುಬಿಟ್ಟೆ.

ಅಕ್ಕ ತಿರುಗಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ದಣಿದಿದ್ದಳು, ಅಷ್ಟೇ. ಮತ್ತೆ ಕೀಬೋರ್ಡಿಗೆ ಬಾಗಿ, "ಬೇಡ. ಇರೋದನ್ನೂ ತೆಗಿ" ಎಂದು ಬರೆದಳು. ಅಲ್ಲೇ ಕೂತು ಎಲ್ಲವನ್ನೂ ತೆಗೆದೆ. ಹಾಕುವಾಗ ಇಡೀ ಮಧ್ಯಾಹ್ನ ಹಿಡಿದಿತ್ತು, ತೆಗೆಯುವಾಗ ಕ್ಷಣದ ಕೆಲಸ.

ಅವಳ ಜ್ವರ ಇಳಿಯುವವರೆಗೆ ಅಲ್ಲೇ ಇದ್ದೆ. ಒಂದು ಮಧ್ಯಾಹ್ನ ಅಕ್ಕ ನಿದ್ದೆ ಹೋದಾಗ ಭಾವ ಜಗಲಿಯಲ್ಲಿ ಕೂತು ಇನ್ನೊಂದು ವಿಷಯ ಹೇಳಿದರು. ಶಾಲೆಯವರು ಎಷ್ಟು ದಿನ ಅಂತ ಕಾಯುತ್ತಾರೆ, ದಸರಾ ರಜೆ ಮುಗಿದ ಮೇಲೆ ಅವಳ ಜಾಗಕ್ಕೆ ಬೇರೆ ಟೀಚರನ್ನು ತೆಗೆದುಕೊಂಡಿದ್ದರಂತೆ. ಸುದ್ದಿ ಹೇಳಲು ಬಂದ ಟೀಚರಮ್ಮನಿಗೆ ಅಕ್ಕ ಎಡಗೈಯಲ್ಲೇ ಕಾಫಿ ಕೊಟ್ಟು ಕಳಿಸಿ, ಆಮೇಲೆ ಹುಳದ ಮನೆಯ ಹಿಂದೆ ಹೋಗಿ ಕೂತಿದ್ದಳಂತೆ.

"ಎದ್ದು ಬಾ ಅಂದ್ರೆ ಬರಾಕಿಲ್ಲ ಅಂತ ತಲೆ ಆಡಿಸ್ಬುಟ್ಳು. ಹೊತ್ತು ಮುಳುಗೋ ತನಕ ಅಲ್ಲೇ ಇದ್ಳು" ಎಂದರು ಭಾವ.

ಮೊಬೈಲು ತೆಗೆದು ಆ ವಾರದ ಮೆಸೇಜುಗಳನ್ನು ಹುಡುಕಿದೆ. ಎಲ್ಲಾ ದಿನವೂ ಅವೇ ಸಾಲುಗಳಿದ್ದವು. ಅವಳು ಹಾಗೆ ಕೂತಿದ್ದ ದಿನ ಯಾವುದೆಂದು ತಿಳಿಯಲು ಅದರಲ್ಲಿ ದಾರಿಯೇ ಇರಲಿಲ್ಲ. ಎಲ್ಲದರ ಕೆಳಗೂ ನನ್ನ ಹೆಬ್ಬೆರಳಿತ್ತು.

ಆಮೇಲೆ ಭಾವ ಅಕ್ಕನನ್ನು ಮಾತು ಕಲಿಸುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗತೊಡಗಿದರು. ತಿಂಗಳುಗಳು ಹಿಡಿದರೂ ಮಾತು ಬಂತು. ಮೊದಲಿನಂತಲ್ಲ; ಒಂದು ಮಾತು ಆಡಿ, ನಿಂತು, ಇನ್ನೊಂದನ್ನು ಹುಡುಕಿ ತರಬೇಕು. ಕಂಪ್ಯೂಟರಿನ ಮೇಲೆ ಈಗ ಹಳೆಯ ಸೀರೆಯ ತುಂಡು ಹೊದಿಸಿದ್ದಾರೆ. ಈಗ ವಾರ ತಪ್ಪದೆ ಹೋಗುತ್ತೇನೆ.

ಮೊನ್ನೆ ಹೋದಾಗ, ಅವಳ ತಲೆ ಬಾಚುತ್ತಾ, ಶಾಲೆಯ ಸುದ್ದಿ ಬಂದ ಆ ದಿನ ಹೇಗನ್ನಿಸಿತ್ತು ಎಂದು ಕೇಳಿದೆ. ಆ ಕೆಲವು ತಿಂಗಳು ಅವಳು ಹೇಗಿದ್ದಳೆಂಬುದೇ ನನಗೆ ಗೊತ್ತಿಲ್ಲ. ನಾನು ಹುಟ್ಟಿದ ಮೇಲೆ ಅವಳ ಬದುಕಿನಲ್ಲಿ ನಾನಿಲ್ಲದ ಕಾಲವೆಂದರೆ ಅದೊಂದೇ.

ಅಕ್ಕ ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಲ್ಲಿ ನೀವಿಕೊಂಡಳು. ಆಮೇಲೆ, "ಅದೆಲ್ಲ... ಈಗ್ಯಾಕೆ. ಮರ್ತೋಯ್ತು... ಬುಡು" ಎಂದಳು.

ಮರೆತಿಲ್ಲವೆಂದು ಬಿಗಿದುಕೊಂಡಿದ್ದ ಅವಳ ಕತ್ತು ನೋಡಿದರೇ ತಿಳಿಯುತ್ತಿತ್ತು. ಕೇಳಬೇಕಾದಾಗ ಕೇಳದವಳಿಗೆ ಈಗ ಒತ್ತಾಯ ಮಾಡುವ ಬಾಯಿರಲಿಲ್ಲ. ಅಷ್ಟರಲ್ಲಿ ಭಾವ ಒಳಗಿನಿಂದ, ಹುಳ ಹಣ್ಣಾಗಿವೆ, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡಬೇಕು, ಬನ್ನಿ ಎಂದು ಕೂಗಿದರು. ಅಕ್ಕ ಅರ್ಧ ಹೆಣೆದ ಜಡೆಯಲ್ಲೇ ಎದ್ದು ಹೋದಳು. ನಾನು ಬಾಚಣಿಗೆ ಕಿಟಕಿಯಲ್ಲಿಟ್ಟು ಅವಳ ಹಿಂದೆ ಹೋದೆ.