ಫುಪ್ಪಿಯ ಗಾಡಿ ಏರು ಹತ್ತಿದ್ದು

ಮೊನ್ನೆ ಕೆ.ಬಿ. ಬಡಾವಣೆಯಲ್ಲಿ ತರಕಾರಿ ಚೀಲ ಹಿಡ್ಕೊಂಡು ರಸ್ತೆ ದಾಟೋಕೆ ನಿಂತಿದ್ದೆ. ಎಲ್ಲಿಂದಲೋ ಒಂದು ಮುದಿ ಮೊಪೆಡ್ಡು, ಪೆಡಲ್ ಇರೋ ಹಳೇ ಕಾಲದ್ದು, ಎರಡೂ ಕಡೆ ಹಾಲಿನ ಕ್ಯಾನು ನೇತಾಕ್ಕೊಂಡು ಪಟಪಟ ಅಂತ ಹೋಯ್ತು. ಹಿಂದೆ ನೀಲಿ ಹೊಗೆ. ಪಕ್ಕದಲ್ಲಿದ್ದ ನನ್ನ ಮಗಳು ದುಪಟ್ಟಾ ಮೂಗಿಗೆ ಒತ್ಕೊಂಡು "ಛೀ, ಅಮ್ಮೀ, ಈ ಕಡೆ ಬಾ" ಅಂದ್ಲು. ನಾನು ಹೋಗಲಿಲ್ಲ. ನಾಚಿಕೆ ಬಿಟ್ಟು ಹೇಳ್ತೀನಿ, ಮೂಗು ತುಂಬಾ ಎಳ್ಕೊಂಡೆ. ಪೆಟ್ರೋಲು, ಸುಟ್ಟ ಎಣ್ಣೆ, ಬಿಸಿ ಕಬ್ಬಿಣ, ಮೂರೂ ಕೂಡಿದ ಆ ವಾಸನೆ ಅಂದ್ರೆ ನನಗೆ ಆನೆಕೊಂಡದ ನಮ್ಮ ಮನೆಯ ಬೆಳಗು. ನಿಮಗೂ ಅಂಥದೊಂದು ವಾಸನೆ ಇದ್ದೇ ಇರ್ತದೆ ಬಿಡಿ. ಮಕ್ಕಳಿಗೆ ಹೇಳಿದ್ರೆ ಅವರು ನಗ್ತಾರೆ, ಹೇಳದಿದ್ರೆ ನಮಗೇ ಎದೆ ಭಾರ.

ಮನೆ ದೊಡ್ಡದೇನಲ್ಲ. ಹೆಂಚಿನ ಮಾಡು, ಎರಡು ಕೋಣೆ, ಅದಕ್ಕಿಂತ ದೊಡ್ಡ ಅಂಗಳ. ಅಂಗಳದ ಅರ್ಧ ನಮ್ಮ ಅಬ್ಬಾಂದು. ಪಂಪ್‌ಸೆಟ್ ರಿಪೇರಿ ಅವರ ಕಸುಬು, ಹಾಗಾಗಿ ಸುತ್ತಲ ಹಳ್ಳಿಗಳಿಂದ ಬಂದ ಮೋಟಾರುಗಳು ಅಲ್ಲಿ ಹೊಟ್ಟೆ ಬಿಚ್ಕೊಂಡು ಮಲಗಿರ್ತಿದ್ವು. ಇನ್ನರ್ಧ ದಾದೀದು, ಅಂದ್ರೆ ಅಬ್ಬಾನ ತಾಯೀದು. ಒಂದು ದಾಳಿಂಬೆ ಗಿಡ, ಅದರ ಬುಡಕ್ಕೆ ಒಂದು ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಹರಳೆಣ್ಣೆ ಬಾಟ್ಲಿ. ಹರಳೆಣ್ಣೆ ಹಚ್ಚಿದ್ರೆ ಸರಿಹೋಗದೇ ಇರೋದು ಈ ಲೋಕದಲ್ಲಿ ಒಂದೂ ಇಲ್ಲ ಅಂತ ದಾದಿ ನಂಬಿದ್ಲು. ನನ್ನ ತಲೆ, ಅವಳ ಮಂಡಿ, ಬಾಗಿಲ ಕೀಲು, ಹೊಲಿಗೆ ಮಿಷನ್ನು, ಆಡಿನ ಕಾಲು, ಎಲ್ಲಕ್ಕೂ ಅದೇ ಬಾಟ್ಲಿ. ಸಿಟ್ಟು ಬಂದ್ರೆ ಉರ್ದು, ಪ್ರೀತಿ ಬಂದ್ರೆ ಕನ್ನಡ ಆಡೋಳು. ಎಣ್ಣೆ ತಿಕ್ಕುವಾಗ ಮಾತ್ರ ಎರಡೂ ಭಾಷೇಲಿ ಬೈಸಿಕೊಂಡಿದ್ದೀನಿ.

ಮೆಹರ್ ಫುಪ್ಪಿ ಅಬ್ಬಾನ ತಂಗಿ. ಕೂಸಿದ್ದಾಗ ಜ್ವರ ಬಂದು ಅವಳ ಎಡಗಾಲು ಸೊರಗಿಬಿಟ್ಟಿತ್ತು. ದಾದಿ ವರ್ಷಗಟ್ಟಲೆ ಆ ಕಾಲನ್ನ ತೊಡೆ ಮೇಲಿಟ್ಕೊಂಡು ಎಣ್ಣೆ ತಿಕ್ಕಿದ್ಲಂತೆ. ಕೊನೆಗೆ ಫುಪ್ಪಿ ನಡೆದ್ಲು, ಮೊಣಕಾಲಿಗೆ ಕೈ ಒತ್ತಿ ಒತ್ತಿ ಆದ್ರೂ ನಡೆದ್ಲು. ಕಾಲಿನ ಕಸರೆಲ್ಲಾ ಬಾಯಲ್ಲಿ ತೀರಿಸ್ಕೊಳ್ಳೋಳು, ಅಬ್ಬಬ್ಬಾ ಅದೇನು ಬಾಯಿ! ಹೊಲಿಗೆ ಮಾತ್ರ ಅಷ್ಟು ನವುರು. ಹರಿಹರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸೋ ಶಾಲೆಯೊಂದರಲ್ಲಿ ಕೆಲಸ ಸಿಕ್ಕಾಗ ಅವಳು ಕುಣಿಯೋದೊಂದು ಬಾಕಿ. ಆದ್ರೆ ಬಸ್ಸಿನ ಮೆಟ್ಟಿಲು ಎತ್ತರ, ಕಂಡಕ್ಟರನಿಗೆ ಅವಸರ. ಒಂದು ದಿನ ಕೈ ಜಾರಿ ರಸ್ತೆಗೆ ಬಿದ್ದು ಮುಂದಿನ ಹಲ್ಲಿನ ಚೂರು ಕಳ್ಕೊಂಡು ಬಂದ್ಲು. "ಸಾಕು ನಿನ್ನ ನೌಕರಿ, ಮನ್ಯಾಗೇ ಹೊಲಿ" ಅಂದ್ಲು ದಾದಿ. ಫುಪ್ಪಿ ಎರಡು ಹೊತ್ತು ಊಟ ಬಿಟ್ಲು. ನೋಡಲಾರದೆ ಅಬ್ಬಾ ಗುಜರಿ ಅಂಗಡಿಯಿಂದ ಒಂದು ಹಳೇ ಮೊಪೆಡ್ ತಂದ್ರು. ನೆಟ್ಟಗೆ ಹೇಳಬೇಕಂದ್ರೆ ಸೈಕಲ್ಲಿಗೊಂದು ಚೋಟುದ್ದ ಎಂಜಿನ್ನು ಕಟ್ಟಿದ್ದು, ಅಷ್ಟೇ.

ಆ ಗಾಡಿಯ ಕಷ್ಟ ಏನಪ್ಪಾ ಅಂದ್ರೆ, ಏರು ಬಂದಾಗ ಎಂಜಿನ್ನಿಗೆ ಉಸಿರು ಕಟ್ಟುತ್ತೆ. ಆಗ ಎಲ್ಲರೂ ಪೆಡಲ್ ತುಳಿದು ಅದಕ್ಕೆ ಕೈಜೋಡಿಸ್ತಾರೆ. ಫುಪ್ಪಿಗೆ ತುಳಿಯೋಕಾಗಲ್ಲ. ಸ್ಟ್ಯಾಂಡ್ ಹಾಕಿ ಬಲಗಾಲಲ್ಲಿ ಒಂದು ಒದ್ದು ಶುರು ಮಾಡಿದ್ರೆ ಆಮೇಲೆ ಪೂರಾ ಎಂಜಿನ್ನೇ ಗತಿ. ಹರಿಹರದ ದಾರೀಲಿ ಒಂದು ಏರಿತ್ತು. ಈಗ ಅಗಲ ರಸ್ತೆ ಮಾಡಿ ಅದನ್ನ ಸಮ ಮಾಡಿಬಿಟ್ಟಿದ್ದಾರೆ, ಕಾರಲ್ಲಿ ಹೋದ್ರೆ ಗೊತ್ತೇ ಆಗಲ್ಲ. ಆಗ ಗೊತ್ತಾಗ್ತಿತ್ತು. ಹಿಂದೆ ಲಾರಿ ಹಾರ್ನ್ ಹೊಡೀತಿದ್ರೆ, ಮುಂದೆ ಗಾಡಿ ತೆವಳ್ತಿದ್ರೆ, ಹಿಂದಿನ ಕ್ಯಾರಿಯರ್ ಮೇಲೆ ರಜೆ ದಿನ ಕೂತು ಹೋಗಿದ್ದ ನಾನು ಫುಪ್ಪಿಯ ಸೊಂಟ ಬಿಗಿಯಾಗಿ ತಬ್ಕೊಂಡಿದ್ದೆ. ಫುಪ್ಪಿ ಹ್ಯಾಂಡಲ್ ಮೇಲೆ ಬಗ್ಗಿ "ನಡಿಯೇ ನಮ್ಮವ್ವ, ನಡಿಯೇ" ಅಂತ ಗಾಡೀನ ಪುಸಲಾಯಿಸ್ತಿದ್ಲು.

ಅಬ್ಬಾ ಅದರ ಹಿಂದೆ ಬಿದ್ರು ನೋಡಿ, ಪಂಪ್‌ಸೆಟ್ಟಿನವರೆಲ್ಲಾ ಕಾಯ್ಬೇಕಾಯ್ತು. ಎಂಜಿನ್ನಿನ ತಲೆ ಬಿಚ್ಚಿ, ಒಳಗೆ ಕಟ್ಟಿದ್ದ ಕರೀ ಮಸಿಯನ್ನ ಬಿದಿರು ಕಡ್ಡೀಲಿ ಕೆರೆದ್ರು. ಕಬ್ಬಿಣ ತಾಗಿಸಿದ್ರೆ ಗೀಚು ಬೀಳ್ತದಂತೆ. ಹೊಗೆ ಹೋಗೋ ಕಿಂಡಿಯನ್ನ ಸಣ್ಣ ಅರದಲ್ಲಿ ತೀಡಿ ನುಣ್ಣಗೆ ಮಾಡಿದ್ರು. ಸೈಲೆನ್ಸರನ್ನ ಒಲೇಲಿಟ್ಟು ಕೆಂಪಗೆ ಕಾಯಿಸಿ ಕಲ್ಲಿಗೆ ಕುಟ್ಟಿದ್ರೆ ಮಸಿ ಹಕ್ಕಳೆ ಹಕ್ಕಳೆಯಾಗಿ ಉದುರಿ, ಅವತ್ತಿನ ರೊಟ್ಟಿಗೂ ಅದೇ ಘಮ. ಹಿಂದಿನ ಗಾಲಿಗೆ ದೊಡ್ಡ ಹಲ್ಲುಚಕ್ರ ಹಾಕಿದ್ರು. "ಓಟ ಕಮ್ಮಿ ಆಕ್ಕೈತೆ, ಎಳೆತ ಜಾಸ್ತಿ ಆಕ್ಕೈತೆ. ನಿನಗೇನು ರೇಸಿಗೆ ಹೋಗೋದೈತಾ?" ಅಂದ್ರು. ಪೆಟ್ರೋಲಿಗೆ ಕೂಡಿಸೋ ಎಣ್ಣೆಯನ್ನೂ ಅಳತೆ ಮಾಡಿ ಅವರೇ ಹಾಕಿದ್ರು. ಮರುದಿನ ಫುಪ್ಪಿ ಸಂಜೆ ಬಂದವಳೇ, ಚಪ್ಪಲೀನೂ ಬಿಡದೆ "ಅಣ್ಣಾ, ಏರಲ್ಲಿ ಒಂದು ಎತ್ತಿನ ಗಾಡೀನ ಹಿಂದೆ ಹಾಕ್ದೆ!" ಅಂತ ಕೂಗಿದ್ಲು. ನಕ್ಕೂ ನಕ್ಕೂ ಸಾಕಾಯ್ತು ನಮಗೆ.

ಆ ಸಂತೋಷ ಒಂದು ವಾರ ಬಾಳಲಿಲ್ಲ. ಮತ್ತೆ ಹೊಗೆ, ಮತ್ತೆ ಮುಕ್ಕಿರಿಯೋದು. ಅಬ್ಬಾ ಮತ್ತೆ ಬಿಚ್ಚಿದ್ರೆ ಮತ್ತೆ ಅಷ್ಟೇ ಮಸಿ. ಶಾಲೆಯಲ್ಲಿ "ಹಿಂಗೆ ದಿನಾ ತಡವಾದ್ರೆ ಬೇರೆಯವರನ್ನ ನೋಡ್ಕೋತೀವಿ" ಅಂದ್ರಂತೆ. ಕೊನೆಗೊಂದು ದಿನ ಗಾಡಿ ಏರಿನ ನಡುವೆಯೇ ನಿಂತೇಬಿಡ್ತು. ಫುಪ್ಪಿ ಆ ಕಾಲಲ್ಲಿ ಅದನ್ನ ತಳ್ಕೊಂಡು ತಳ್ಕೊಂಡು, ಜಾರಿ ಬಿದ್ದು, ಮಂಡಿ ಕಿತ್ಕೊಂಡು ಮನೆಗೆ ಬಂದ್ಲು. ದಾದಿ ಗಾಯ ತೊಳೆದು, "ಮೆಹರೂ, ಇನ್ನು ಬ್ಯಾಡ" ಅಂದ್ಲು. "ಇದೊಂದ್ಸಲ ನೋಡ್ತೀನಿ ತಡಿ" ಅಂದ್ರು ಅಬ್ಬಾ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪ್ಲಗ್ಗು ಬಿಚ್ಚಿ ಕೈಯಲ್ಲಿ ಹಿಡ್ಕೊಂಡವರು, ಯಾಕೋ ಅದನ್ನ ಮೂಗಿನ ಹತ್ತಿರ ತಂದ್ರು. ಮತ್ತೊಮ್ಮೆ ಮೂಸಿದ್ರು. ನನ್ನನ್ನ ಕರೆದು, ಎರಡು ಜಡೆಯ ನಡುವೆ ಮೂಗಿಟ್ಟು ನನ್ನ ತಲೆ ಮೂಸಿದ್ರು. ಆಮೇಲೆ ತಿರುಗಿ ದಾಳಿಂಬೆ ಗಿಡದ ಕಡೆ ನೋಡಿದ್ರು. "ಅಮ್ಮಾ, ಟಾಂಕಿಗೆ ಹರಳೆಣ್ಣೆ ಹಾಕ್ತೀಯೇನು?"

ದಾದಿ ಸೆರಗು ಎಳ್ಕೊಂಡ್ಲು. "ಹೂಂ. ಬೆಳಗಿನ ಫಜರ್ ನಮಾಜ್ ಆದ್ಮೇಲೆ ದುವಾ ಓದಿ ಊದಿ ಒಂದೀಟು ಹಾಕ್ತೀನಿ. ಕೀಲಿಗೆ ಎಣ್ಣೆ ಬ್ಯಾಡೇನು? ಇವಳ ಕಾಲಿಗೂ ಹಂಗೆ ಹಾಕಿ ಹಾಕಿಯೇ ಅಲ್ವಾ ಇಷ್ಟಾದ್ರೂ ನಡೀತಾಳೆ?"

ಅಬ್ಬಾ ತಲೆ ಮೇಲೆ ಕೈ ಹೊತ್ಕೊಂಡು ನಗೋಕೆ ಶುರು ಮಾಡಿದ್ರು. ನನಗೂ ನಗು ತಡೆಯೋಕಾಗಲಿಲ್ಲ. ಫುಪ್ಪಿ ಮಾತ್ರ ನಗಲಿಲ್ಲ. ಕುಂಟ್ಕೊಂಡು ಬಂದು ದಾದಿಯ ಮುಂದೆ ಚಪ್ಪಡಿ ಮೇಲೆ ಕೂತು, ಮೆಲ್ಲಗೆ ಕೇಳಿದ್ಲು. "ಎಣ್ಣೆ ಹಾಕಿದ್ರೆ ಗಾಡಿ ನಿಧಾನ ಆಕ್ಕೈತೆ ಅಂತ ನಿನಗೆ ಗೊತ್ತಿರಲಿಲ್ವೇನಮ್ಮಾ?"

ದಾದಿ ಹರಳೆಣ್ಣೆ ಬಾಟ್ಲಿಯ ಬಿರಡೆ ಒತ್ತಿ ಮುಚ್ಚಿದ್ಲು. "ಮೊದಲು ಗೊತ್ತಿರಲಿಲ್ಲ" ಅಂದ್ಲು. "ಆಮ್ಯಾಕೆ ಗೊತ್ತಾಯ್ತು. ಲಾರಿ ಬಸ್ಸು ಎಲ್ಲಾ ಆ ರಸ್ತ್ಯಾಗೇ ಅದಾವು. ನೀನು ಬರೋತನಕ ನನ್ನ ಜೀವ ಬಾಗಿಲ್ದಾಗೆ ಇರ್ತೈತೆ. ನಿಧಾನ ಹೋದ್ರೆ ಬೀಳಲ್ಲ ಅನ್ಕೊಂಡೆ. ನಿಂತೇ ಹೋದ್ರೆ ಮನ್ಯಾಗಿರ್ತಾಳೆ ಅನ್ಕೊಂಡೆ. ಬಿದ್ದಿದ್ದು ನನ್ನಿಂದಾನೇ."

ಫುಪ್ಪಿ ರೇಗ್ತಾಳೆ, ಕೂಗಾಡ್ತಾಳೆ ಅಂತ ನಾನು ಹೆದರಿದ್ದೆ. ಅವಳು ದಾದಿಯ ಜಿಡ್ಡುಗೈ ತಗೊಂಡು ತನ್ನ ಆ ಸಣಕಲು ಕಾಲಿನ ಮೇಲೆ ಇಟ್ಕೊಂಡ್ಲು. ಇಬ್ಬರೂ ಅತ್ರು. ಅಬ್ಬಾ ಸ್ಪ್ಯಾನರ್ ಹುಡುಕೋ ನೆಪದಲ್ಲಿ ಆ ಕಡೆ ಹೋದ್ರು. ಸ್ಪ್ಯಾನರ್ ಅವರ ಕೈಯಲ್ಲೇ ಇತ್ತು.

ಅವತ್ತು ಟಾಂಕಿ, ಪೈಪು, ಕಾರ್ಬೊರೇಟರು ಎಲ್ಲಾ ಪೆಟ್ರೋಲಲ್ಲಿ ತೊಳೆದು ಕಟ್ಟಿದ ಮೇಲೆ ಅಬ್ಬಾ ಒಂದು ಕೆಲಸ ಮಾಡಿದ್ರು. ಎಂಜಿನ್ ಎಣ್ಣೆಯ ಡಬ್ಬಿ, ಅಳೆಯೋ ಮುಚ್ಚಳ ಎರಡನ್ನೂ ತಂದು ದಾದಿಯ ಕೈಗೆ ಕೊಟ್ಟು, "ಎಣ್ಣೆ ನೀನೇ ಹಾಕಮ್ಮಾ. ಆದ್ರೆ ಇದು, ಇಷ್ಟೇ" ಅಂದ್ರು. ಪಂಪ್‌ಸೆಟ್ ತಗೊಂಡು ಅಂಗಳಕ್ಕೆ ಬರೋ ಗಂಡಸರು ಅಷ್ಟು ಜನ ಇದ್ರೂ ಆ ಕೆಲಸ ಮುಂದೆ ಯಾರೂ ಮುಟ್ಟಲಿಲ್ಲ. ದಾದಿ ಕಣ್ಣು ಕಿರಿದು ಮಾಡಿ, ಬಿಸ್ಮಿಲ್ಲಾ ಅಂದು ಸುರಿಯೋಳು. ಆಮೇಲಿಂದ ಗಾಡಿ ಆ ಏರನ್ನ ಸಲೀಸಾಗಿ ಹತ್ತಿ ಹೋಗ್ತಿತ್ತು.

ಈಗ ಆ ಮನೆ ಇಲ್ಲ, ಅಲ್ಲೊಂದು ಮೂರಂತಸ್ತಿನ ಕಟ್ಟಡ ಇದೆ. ದಾದಿ ಹೋದ್ಲು, ಅಬ್ಬಾ ಹೋದ್ರು, ಹೋದ ವರ್ಷ ಮೆಹರ್ ಫುಪ್ಪೀನೂ ಹೋದ್ಲು. ಹರಿಹರದವರೇ ಅವಳನ್ನ ಮಣ್ಣು ಮಾಡಿದ್ರು, ಅವಳ ಕೈಯಲ್ಲಿ ಹೊಲಿಗೆ ಕಲಿತ ಹೆಂಗಸರು ಬೀದಿ ತುಂಬಾ ನಿಂತು ಅತ್ತರು. ಅಷ್ಟೊತ್ತಿಗೆ ಅವಳು ಅಲ್ಲಿಯವಳೇ ಆಗಿಬಿಟ್ಟಿದ್ಲು. ಗಾಡಿ ಚೆನ್ನಾಗಿ ಓಡಿದ ಮೇಲೆ ಫುಪ್ಪಿ ಎಂದೂ ತಡ ಮಾಡಲಿಲ್ಲ. ಶಾಲೆಯನ್ನ ಅವಳ ಕೈಗೇ ಒಪ್ಪಿಸಿದ್ರು. ಅಲ್ಲೇ ಹಿಂದೆ ಒಂದು ಕೋಣೆ ಕೊಟ್ರು, ಅವಳು ಅಲ್ಲೇ ಇರ್ತೀನಿ ಅಂದ್ಲು. ಮಗಳು ಮನೇಲೇ ಇರಲಿ ಅಂತ ದಾದಿ ಬಯಸಿದ್ದು ಕೊನೆಗೂ ಆಗಲಿಲ್ಲ, ಮಗಳು ಮನೆ ಬಿಟ್ಟು ಹೋದ್ಲು.

ಅವಳು ಹರಿಹರಕ್ಕೆ ಹೊರಟ ದಿನ ಬೆಳಿಗ್ಗೆ ಹೊಲಿಗೆ ಮಿಷನ್ನು, ಟ್ರಂಕು ಟೆಂಪೋದಲ್ಲಿ ಮುಂದೆ ಹೋಗಿದ್ವು. ಫುಪ್ಪಿ ಗಾಡಿಗೆ ಒರಗಿ ನಿಂತಿದ್ಲು. ದಾದಿ ಮುಚ್ಚಳ ತುಂಬ ಎಣ್ಣೆ ಹೊಯ್ದು, ಅಂಚಿಗೆ ಬಂದಿದ್ದನ್ನ ಬೆರಳಲ್ಲಿ ಒರೆಸಿ ತೆಗೆದು, ಟಾಂಕಿಗೆ ಸುರಿದ್ಲು. ಗಾಡಿ ಒಂದೇ ಒದೆತಕ್ಕೆ ಶುರುವಾಯ್ತು. ಗಲ್ಲಿ ತಿರುಗಿ ಸದ್ದು ಕರಗಿದ ಮೇಲೂ ದಾದಿ ಬಾಗಿಲಲ್ಲೇ ನಿಂತಿದ್ಲು. ನಾನು ಅವಳ ಸೆರಗು ಹಿಡ್ಕೊಂಡಿದ್ದೆ. ಎಷ್ಟೋ ಹೊತ್ತಾದ ಮೇಲೆ ರಸ್ತೆಯಿಂದ ಕಣ್ಣು ತೆಗೀದೆ, ನನಗೋ ತನಗೋ ಹೇಳ್ಕೊಂಡ್ಲು.

"ಈಗ ಏರು ಹತ್ತಿರ್ತಾಳೆ. ನಿಲ್ಲಲ್ಲ ಬಿಡು."