ಲಿಫ್ಟ್ ಮೇಸ್ತ್ರಿಯ ಸೈಕಲ್ಲು

ಲಿಫ್ಟ್ ಮೇಸ್ತ್ರಿಗೆ ಸಿಟ್ಟು ಬರುವುದೇ ಅಪರೂಪ. ಇಪ್ಪತ್ತಾರು ವರ್ಷ ಲಿಫ್ಟಿನ ನೆತ್ತಿಯ ಮೇಲೆ ಕೂತು, ಅದರ ಗುಂಡಿಯೊಳಗೆ ಇಳಿದು ದುಡಿದವನು. ಆ ಕೆಲಸದಲ್ಲಿ ದುಡುಕಿದವರ ಕೈಯಲ್ಲಿ ಹತ್ತು ಬೆರಳು ಉಳಿಯುವುದಿಲ್ಲ. ಇವನವು ಹತ್ತೂ ನೆಟ್ಟಗಿದ್ದವು. ಅಂಥ ಮನುಷ್ಯ ಒಂದು ಶನಿವಾರ ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು, ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಮೂರು ಸಲ ಓದಿ, ಕಿವಿ ಕೆಂಪಗೆ ಮಾಡಿಕೊಂಡು ಮನೆಗೆ ಬಂದ.

"ಏನಾಯ್ತು ರೀ?" ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಹೆಂಡತಿ ಕೇಳಿದಳು.

"ಮೆಟ್ಟಿಲ ಕೆಳಗೆ ಸೈಕಲ್ ಇಡೋ ಹಾಗಿಲ್ವಂತೆ. ನಾಳೆಯೊಳಗೆ ತೆಗೀಬೇಕಂತೆ. ಅಲ್ಲಿ ಹೂವಿನ ಕುಂಡ ಇಡ್ತಾರಂತೆ."

"ಕುಂಡನಾ? ಅಲ್ಲಿ ಬಿಸಿಲೇ ಬೀಳಲ್ವಲ್ಲ!"

"ಪ್ಲಾಸ್ಟಿಕ್ ಗಿಡ ಕಣೇ."

ಅವಳು ನಗಬೇಕೆಂದುಕೊಂಡವಳು ಗಂಡನ ಮುಖ ನೋಡಿ ಮಷೀನಿನ ಕಡೆ ತಿರುಗಿದಳು.

ಸೈಕಲ್ಲು ಅವನಿಗೆ ಶೋಕಿಯದಲ್ಲ. ಅವನ ಪಾಲಿಗೆ ಬಿದ್ದಿದ್ದು ಹಳೇ ಪೇಟೆಯ ಗಲ್ಲಿಗಳು. ಲಿಫ್ಟ್ ಕಂಪನಿಯ ವ್ಯಾನು ಅಲ್ಲಿ ನುಗ್ಗುವಷ್ಟರಲ್ಲಿ ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಅತ್ತು ಸುಸ್ತಾಗಿರುತ್ತಿದ್ದರು. ಮೇಸ್ತ್ರಿ ಮಾತ್ರ ಹಿಂದಿನ ಕ್ಯಾರಿಯರಿಗೆ ಪಾನಾಚೀಲ ಬಿಗಿದುಕೊಂಡು, ಸಂದಿಗೊಂದಿಯಲ್ಲಿ ತೂರಿ, ಹತ್ತು ನಿಮಿಷದಲ್ಲಿ ಬಾಗಿಲು ತೆಗೆಯುತ್ತಿದ್ದ. ಹಿಂದೊಂದು ಸೈಕಲ್ಲನ್ನು ಒಂದೇ ಒಂದು ಮಧ್ಯಾಹ್ನ ಬೀದಿಯಲ್ಲಿ ಬಿಟ್ಟಿದ್ದ. ಊಟ ಮುಗಿಸಿ ಬಂದಾಗ ಬೀಗ ಹಾಕಿದ್ದ ಕಂಬ ಇತ್ತು, ಬೀಗವೂ ಇತ್ತು, ಸೈಕಲ್ಲು ಇರಲಿಲ್ಲ. ಹಾಗಾಗಿ ಬೀದಿಯ ಮಾತೇ ಇಲ್ಲ.

ಭಾನುವಾರ ಬೆಳಿಗ್ಗೆ ಎರಡನೇ ಮಹಡಿಯಲ್ಲಿದ್ದ, ಆ ಹಾಳೆ ಅಂಟಿಸಿದ್ದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಬಾಗಿಲು ತಟ್ಟಿದ. ಕಾರ್ಯದರ್ಶಿ ನಿವೃತ್ತ ಅಧಿಕಾರಿ. ಎಂಥ ಕೆಟ್ಟ ಮಾತನ್ನೂ ಮೆತ್ತಗೆ ಆಡುವುದನ್ನು ಕಚೇರಿಯಲ್ಲಿ ಕಲಿತು ಬಂದಿದ್ದರು.

"ಸರ್, ಬೇಸ್‌ಮೆಂಟಲ್ಲಿ ನೀರಿನ ಪಂಪಿನ ಪಕ್ಕ ಒಂದು ಮೂಲೆ ಖಾಲಿ ಇದೆ. ಅಲ್ಲಿ ಸೈಕಲ್ ಇಟ್ಕೊಳ್ಲಾ?"

"ಅದು ವಾಹನಗಳಿಗೆ ಮೇಸ್ತ್ರೀ. ಸೈಕಲ್ಲು ವಾಹನದ ಲೆಕ್ಕಕ್ಕೆ ಬರಲ್ಲ."

"ಆಯ್ತು, ಲಿಫ್ಟಲ್ಲಿ ಮನೆಗೇ ತಗೊಂಡು ಹೋಗ್ತೀನಿ."

"ಲಿಫ್ಟಲ್ಲಿ ವಾಹನ ತರೋ ಹಾಗಿಲ್ವಲ್ಲ."

"ಕೆಳಗೆ ವಾಹನ ಅಲ್ಲ, ಲಿಫ್ಟ್ ಹತ್ತಿದ ತಕ್ಷಣ ವಾಹನ ಆಗೋಯ್ತಾ ಸರ್?"

"ನೋಡಿ, ವಾದ ಬೇಡ. ನೀವು ಬಾಡಿಗೆದಾರರು. ಏನಿದ್ರೂ ನಿಮ್ಮ ಮಾಲೀಕರ ಕೈಲಿ ಹೇಳಿಸಿ." ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಮನೆ ಮಾಲೀಕರಿಗೆ ಫೋನು ಮಾಡಿದರೆ ಅವರದು ಒಂದೇ ಮಾತು: "ಮನೆಯೊಳಗೆ ಏನಾದ್ರೂ ಇಟ್ಕೊಳ್ಳಿ. ಗೋಡೆಗೆ ಒಂದು ಮೊಳೆ ಹೊಡೆದ್ರೂ ನನಗೆ ಆಗಲ್ಲ."

ಮೇಸ್ತ್ರಿಯ ಮನೆ ನಾಲ್ಕನೇ ಮಹಡಿಯಲ್ಲಿ. ಎಪ್ಪತ್ತೆರಡು ಮೆಟ್ಟಿಲು. ಅವತ್ತಿನಿಂದ ದಿನಾ ಸಂಜೆ ಹದಿನೇಳು ಕಿಲೋ ಕಬ್ಬಿಣವನ್ನು ಹೆಗಲಿಗೇರಿಸಿಕೊಂಡು ಹತ್ತತೊಡಗಿದ. ಪ್ರತಿ ತಿರುವಿನಲ್ಲೂ ಪೆಡಲು ಮೊಣಕಾಲಿಗೆ ಬಡಿಯುತ್ತಿತ್ತು. ಪಕ್ಕದಲ್ಲೇ ಲಿಫ್ಟು ಬೆಣ್ಣೆಯ ಹಾಗೆ ಜಾರುತ್ತಾ ಮೇಲೆ ಹೋಗುತ್ತಿತ್ತು. ಅದನ್ನು ಹಾಗೆ ಜಾರುವಂತೆ ಮಾಡಿದವನು ಇವನೇ. ತಿಂಗಳಿಗೊಮ್ಮೆ ಕಂಪನಿಯ ಅಂಗಿ ತೊಟ್ಟು ಬಂದು, ಅದರ ಹಳಿಗೆ ಎಣ್ಣೆ ಸವರಿ, ಬ್ರೇಕು ನೋಡಿ ಹೋಗುತ್ತಿದ್ದ.

ಮನೆಗೆ ತಂದದ್ದೇನೋ ಸರಿ, ಇಡುವುದೆಲ್ಲಿ? ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಮಷೀನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳಿಗೆ ಎರಡು ಕುರ್ಚಿ. ಮೊದಲು ಬಾಗಿಲ ಹಿಂದೆ ನಿಲ್ಲಿಸಿದ. ಬಾಗಿಲು ಅರ್ಧ ಮಾತ್ರ ತೆರೆಯಿತು. ಅಳತೆ ಕೊಡಲು ಬಂದ ದಪ್ಪ ಹೆಂಗಸೊಬ್ಬರು ಅಡ್ಡಡ್ಡ ತಿರುಗಿ ಒಳಗೆ ಬಂದು, "ನಿಮ್ಮನೆಗೆ ಬರೋಕೆ ಮುಂಚೆ ನಾನು ಸಣ್ಣ ಆಗ್ಬೇಕೇನಮ್ಮ?" ಎಂದರು. ಆಮೇಲೆ ಬಾಲ್ಕನಿ. ಎರಡೇ ಮಳೆಗೆ ಚೈನು ಕೆಂಪಾಯಿತು, ಕೆಳಗಿನ ಮನೆಯವರ ಒಣಗುವ ಬಟ್ಟೆಯ ಮೇಲೆ ತುಕ್ಕಿನ ನೀರು ತೊಟ್ಟಿಕ್ಕಿತು, ಅವರು ಜಗಳಕ್ಕೆ ಬಂದರು. ಅಂಗಡಿಯಲ್ಲಿ ಕೇಳಿದರೆ ಗೋಡೆಗೆ ಹೊಡೆಯುವ ಕೊಕ್ಕೆ ತೋರಿಸಿದರು, ಅದಕ್ಕೆ ಮೊಳೆ ಬೇಕು. ನೆಲದ ಮೇಲೆ ನಿಲ್ಲುವ ಸ್ಟ್ಯಾಂಡು ತೋರಿಸಿದರು, ಅದಕ್ಕೆ ಇನ್ನೊಂದು ಕೋಣೆಯೇ ಬೇಕು.

ಕೊನೆಗೆ ಮಲಗುವ ಕೋಣೆಯ ಮಂಚದ ಬದಿಗೆ ಒರಗಿಸಿದ್ದಾಯಿತು. ಮೂರನೇ ದಿನ ಬೆಳಿಗ್ಗೆ ಅದು ತಾನಾಗಿ ವಾಲಿತು. ಬಿದ್ದದ್ದು ಹೆಂಡತಿ ಗಿರಾಕಿಗೆಂದು ಹೊಲಿದು ನೇತುಹಾಕಿದ್ದ ಕೆನೆಬಣ್ಣದ ಮದುವೆ ಉಡುಪಿನ ಮೇಲೆ. ಹನ್ನೊಂದು ದಿನದ ಕೈಕಸೂತಿ. ಚೈನಿನ ಕಪ್ಪು ಗೆರೆ ಎದೆಯ ಮೇಲೆ ಅಡ್ಡಲಾಗಿ ಬಿದ್ದಿತ್ತು.

ಹೆಂಡತಿ ಕೂಗಾಡಲಿಲ್ಲ. ಉಡುಪನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು.

"ತಪ್ಪಾಯ್ತು ಕಣೇ," ಎಂದ.

"ನಿಮ್ಮ ತಪ್ಪೇನ್ರೀ? ಪ್ಲಾಸ್ಟಿಕ್ ಗಿಡಕ್ಕೆ ಜಾಗ ಇದೆ, ಕಾರಿಗೆ ಜಾಗ ಇದೆ. ದುಡಿದು ಬರೋ ಸೈಕಲ್ಲಿಗೆ ಇಡೀ ಕಟ್ಟಡದಲ್ಲಿ ಜಾಗ ಇಲ್ಲ. ಅವರಿಗೆ ನಾಚಿಕೆ ಆಗ್ಬೇಕು." ಕಲೆಯಾದ ಭಾಗವನ್ನು ಬಿಚ್ಚಿ ಹೊಸ ಬಟ್ಟೆ ಸೇರಿಸಿ ಮತ್ತೆ ಕಸೂತಿ ಹಾಕಲು ಅವಳಿಗೆ ನಾಲ್ಕು ದಿನ ಹಿಡಿಯಿತು.

ಆ ನಾಲ್ಕು ದಿನವೂ ಮೇಸ್ತ್ರಿ ಮುಂದಿನ ಕೋಣೆಯ ನಡುವೆ ನಿಂತು ಗೋಡೆ, ಚಾವಣಿ ನೋಡುತ್ತಿದ್ದ. ನೆಲದಲ್ಲಿ ಜಾಗವಿಲ್ಲ ನಿಜ, ಕತ್ತರಿಸುವ ಮೇಜಿನ ಮೇಲೆ ಗೋಡೆಯುದ್ದಕ್ಕೂ ಖಾಲಿ ಇತ್ತಲ್ಲ! ಭಾರವನ್ನು ಮೇಲೆತ್ತುವುದೇ ತನ್ನ ಕಸುಬಾಗಿರುವಾಗ ಇಷ್ಟು ದಿನ ಅದು ಹೊಳೆಯಲಿಲ್ಲವೆಂದು ತನಗೆ ತಾನೇ ಬೈದುಕೊಂಡ.

ಗುಜರಿಯಿಂದ ಚೌಕದ ಕಬ್ಬಿಣದ ಕೊಳವೆ ತಂದ. ಒಂದರೊಳಗೊಂದು ಸೇರಿಸಿ, ತಳದಲ್ಲಿ ದಪ್ಪ ಬೋಲ್ಟು ಕೂರಿಸಿದ. ಬೋಲ್ಟು ತಿರುಗಿಸಿದಂತೆ ಕೊಳವೆ ಉದ್ದವಾಗಿ ನೆಲಕ್ಕೂ ಚಾವಣಿಗೂ ಬಿಗಿದು ನಿಲ್ಲುತ್ತಿತ್ತು. ಎರಡು ತುದಿಗೂ ರಬ್ಬರು. ಮೇಜಿನ ಹಿಂದೆ ಅಂಥ ಎರಡು ಕಂಬ, ಮೇಲೆ ರಾಟೆ, ಒಂದು ಕಡೆ ಸೈಕಲ್ಲು, ಇನ್ನೊಂದು ಕಡೆ ಅಷ್ಟೇ ತೂಕದ ಮರಳಿನ ಚೀಲ. ಲಿಫ್ಟು ಏರುವುದೂ ಹೀಗೆಯೇ. ಗೋಡೆಗೆ ಒಂದೇ ಒಂದು ಮೊಳೆ ತಾಗಲಿಲ್ಲ.

"ನನ್ನ ತಲೆ ಮೇಲೆ ಬಿದ್ರೆ?" ಎಂದಳು ಹೆಂಡತಿ.

ಮೇಸ್ತ್ರಿ ಕಂಬಗಳ ನಡುವಿನ ಅಡ್ಡಪಟ್ಟಿಗೆ ಜೋತುಬಿದ್ದು ನೂರರವರೆಗೆ ಎಣಿಸತೊಡಗಿದ. ಎಂಬತ್ತಕ್ಕೆ ಬರುವಷ್ಟರಲ್ಲಿ ಅವಳು, "ಸಾಕು ಇಳೀರಿ, ನೋಡೋಕಾಗ್ತಿಲ್ಲ," ಎಂದಳು. ಆಮೇಲೆ ಅವಳೇ ಹಗ್ಗ ಹಿಡಿದು ಎಳೆದಳು. ಸೈಕಲ್ಲು ಒಂದು ಬೆರಳಿನ ಬಲಕ್ಕೆ ಮೇಲೇರಿ ಕೊಕ್ಕೆಯಲ್ಲಿ ಕೂತಿತು, ಅವಳು ನಕ್ಕುಬಿಟ್ಟಳು. ಎರಡು ವಾರದ ನಂತರ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಎಣ್ಣೆ ಮೇಜಿನ ಮೇಲೆ ತೊಟ್ಟಿಕ್ಕದಿರಲೆಂದು ದಪ್ಪ ಬಟ್ಟೆಯಲ್ಲಿ ಚೈನಿಗೊಂದು ಚೀಲ ಹೊಲಿದು ತೊಡಿಸಿದಳು.

ಇಷ್ಟಾದರೂ ಮೆಟ್ಟಿಲು ಹತ್ತುವುದು ತಪ್ಪಲಿಲ್ಲ. ಇದನ್ನೆಲ್ಲ ನೋಡುತ್ತಿದ್ದ ಆರನೇ ಮಹಡಿಯ ಟೀಚರಮ್ಮ, ಅವರೂ ಬಾಡಿಗೆದಾರರೇ, ಒಂದು ದಿನ ತಮ್ಮ ಸೈಕಲ್ಲನ್ನು ನೇರ ಲಿಫ್ಟಿಗೇ ನುಗ್ಗಿಸಿ ಮೇಲೆ ಹೋದರು. ಕಾರ್ಯದರ್ಶಿ ತಡೆದರೆ, "ಯಾವ ನಿಯಮ, ಎಲ್ಲಿದೆ ತೋರಿಸಿ," ಎಂದರಂತೆ.

ಮುಂದಿನ ಸರ್ವೀಸಿನ ದಿನ ಮೇಸ್ತ್ರಿ ಲಿಫ್ಟಿನ ಬಾಗಿಲು ಸರಿಮಾಡುತ್ತಿದ್ದಾಗ ಕಾರ್ಯದರ್ಶಿ ಬಂದರು. ಕೈಯಲ್ಲೊಂದು ಹೊಳೆಯುವ ಫಲಕ.

"ಕೆಲಸ ಮುಗಿದ ಮೇಲೆ ಇದನ್ನ ಒಳಗೆ ಕೂರಿಸಿಬಿಡಿ ಮೇಸ್ತ್ರೀ."

ಮೇಸ್ತ್ರಿ ಓದಿದ: ಲಿಫ್ಟ್ ಕಂಪನಿಯ ಸುರಕ್ಷತಾ ಆದೇಶದಂತೆ ಸೈಕಲ್ ಒಯ್ಯುವುದನ್ನು ನಿಷೇಧಿಸಲಾಗಿದೆ.

"ಕಂಪನಿಯಿಂದ ಇಂಥ ಆದೇಶ ಯಾವಾಗ ಬಂತು ಸರ್?"

"ಬರ್ಬೇಕಾಗಿಲ್ಲ. ಕಂಪನಿ ಹೆಸರು ಇದ್ರೆ ಜನ ಕೇಳ್ತಾರೆ, ಅಷ್ಟೇ."

ಅಲ್ಲಿಯವರೆಗೆ ಒಳಗೇ ಅದುಮಿಟ್ಟದ್ದು ಅವತ್ತು ಕಟ್ಟೆಯೊಡೆಯಿತು.

"ಸರ್, ಈ ಲಿಫ್ಟು ಆರು ಜನರನ್ನ ಹೊರುತ್ತೆ, ನಾನೂರೆಂಟು ಕಿಲೋ. ನನ್ನ ಸೈಕಲ್ಲೂ ನಾನೂ ಸೇರಿದ್ರೆ ಎಂಬತ್ತು. ಹೋದ ತಿಂಗಳು ನಿಮ್ಮ ವಾಷಿಂಗ್ ಮೆಷಿನ್ ಇದರಲ್ಲೇ ಇಳೀತು, ಆಗ ಸುರಕ್ಷತೆ ಎಲ್ಲಿ ಹೋಗಿತ್ತು? ಮೆಟ್ಟಿಲು ಹತ್ತು ಅಂದ್ರಿ, ಹತ್ತಿದೆ. ತುಟಿ ಪಿಟಕ್ ಅನ್ಲಿಲ್ಲ. ಈಗ ನನ್ನ ಕೈಯಿಂದ್ಲೇ, ನಾನು ತೊಟ್ಟಿರೋ ಈ ಅಂಗಿ ಹೆಸರಲ್ಲೇ ಸುಳ್ಳು ಅಂಟಿಸಿ ಅಂತೀರಾ? ಅಂಟಿಸಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ."

ಲಿಫ್ಟಿಗೆ ಕಾಯುತ್ತಿದ್ದ ನಾಲ್ಕೈದು ಜನ ಕಣ್ಣುಬಾಯಿ ಬಿಟ್ಟುಕೊಂಡು ನಿಂತರು. ಕಾರ್ಯದರ್ಶಿ ಅಲ್ಲೇ ಕಂಪನಿಗೆ ಫೋನು ಮಾಡಿ, ನಿಮ್ಮ ಕೆಲಸಗಾರ ಮರ್ಯಾದೆ ಇಲ್ಲದೆ ಮಾತಾಡ್ತಾನೆ ಎಂದು ದೂರಿದರು. ಆ ಕಡೆಯಿದ್ದ ಮೇಡಂ ಫೋನನ್ನು ಮೇಸ್ತ್ರಿಗೆ ಕೊಡಲು ಹೇಳಿದರು. ಕೆಲಸ ಹೋಯಿತೆಂದೇ ಅವನು ಕಿವಿಗೆ ಹಿಡಿದ. ನಡೆದದ್ದನ್ನೆಲ್ಲ ಹೇಳಿದ.

"ನಾವು ಹೊರಡಿಸದ ಆದೇಶಕ್ಕೆ ನಮ್ಮ ಹೆಸರಾ? ಸರ್ವೀಸ್ ಪುಸ್ತಕದಲ್ಲಿ ಇದನ್ನ ಬರೀರಿ. ಅವರ ಸಹಿ ತಗೊಳ್ಳಿ," ಎಂದರು ಮೇಡಂ.

ಮೇಸ್ತ್ರಿ ಗುಂಡಗಿನ ಅಕ್ಷರದಲ್ಲಿ ಬರೆದ: ಭಾರದ ಮಿತಿಯೊಳಗೆ ಸೈಕಲ್ ಒಯ್ಯಲು ಅಡ್ಡಿಯಿಲ್ಲ. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಕಾರ್ಯದರ್ಶಿ ಫಲಕವನ್ನು ಕಂಕುಳಲ್ಲಿ ಅವಚಿಕೊಂಡು, ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದರು.

ಅವತ್ತು ಸಂಜೆ ಮೇಸ್ತ್ರಿ ಸೈಕಲ್ಲಿನ ಸಮೇತ ಲಿಫ್ಟಿನಲ್ಲಿ ಬಂದ. ಹೆಂಡತಿ ಸಂಭ್ರಮಪಟ್ಟಳು. ಅವನ ಮುಖ ಮಾತ್ರ ಇನ್ನೂ ಬಿಗಿದೇ ಇತ್ತು.

"ಗೆದ್ರಲ್ರೀ, ಇನ್ನೂ ಯಾಕೆ ಸಿಟ್ಟು?"

"ಏನ್ ಗೆದ್ದೆ? ಮೊದ್ಲೇ ನನ್ನದಾಗಿದ್ದ ಹಕ್ಕು ತಾನೇ. ಅದಕ್ಕೆ ನಿನ್ನ ಹನ್ನೊಂದು ದಿನದ ಕೆಲಸ ಹಾಳಾಯ್ತು, ನನ್ನ ಮೊಣಕಾಲು ಹೋಯ್ತು. ಅದನ್ನ ಯಾರು ವಾಪಸ್ ಕೊಡ್ತಾರೆ?"

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಟೀಚರಮ್ಮ. ತಮ್ಮ ಮನೆಯಲ್ಲೂ ಮೊಳೆ ಹೊಡೆಯುವಂತಿಲ್ಲ, ಸೈಕಲ್ಲು ಅಡುಗೆಮನೆಯಲ್ಲಿ ನಿಂತಿದೆ, ಅಂಥದೇ ಕಂಬ ತಮಗೂ ಆಗಬಹುದೇ ಎಂದು ಕೇಳಿದರು. ಮೇಸ್ತ್ರಿ ಟೇಪು ತೆಗೆದುಕೊಂಡು ಎದ್ದ.

"ನಿಮ್ಮ ಬಾಗಿಲು ಯಾವ ಕಡೆಗೆ ತೆಗೆಯುತ್ತೆ ಟೀಚರ್?" ಎಂದು ಕೇಳುತ್ತಾ ಅವರ ಹಿಂದೆ ಆರನೇ ಮಹಡಿಗೆ ಹೊರಟ.